ಕೋಡ್ ಮಾಡೋದೆಲ್ಲ ಮಾಡಿ ಆಗಿದೆ, ಉಳಿದಿರೋದು ಗುಡ್ಡ

ಸಂಪಾದಕರಿಗೆ ನಮಸ್ಕಾರ.

ನಮ್ಮದು ಶಿರಸಿ ತಾಲೂಕಿನ ಘಟ್ಟದಂಚಿನ ಒಂದು ಕೇರಿ, ಎಂಟು ಮನೆ, ಅಘನಾಶಿನಿ ಕಣಿವೆ ಕಡೆಗೆ ಇಳಿಯೋ ಇಳುಕಲಲ್ಲಿ. ಹೋದ ಗ್ರಾಮಸಭೆಯಲ್ಲಿ ನೆಟ್‌ವರ್ಕ್ ವಿಷಯ ಎತ್ತಿದಾಗ ಒಂದು ಕಂಪನಿ ಕಡೆಯಿಂದ ಬಂದವರು, "ಹೊಸ ಜನರೇಶನ್ ಬರ್ತಾ ಇದೆ, ಅದರಲ್ಲಿ ತಪ್ಪು ಸರಿ ಮಾಡೋ ಟೆಕ್ನಾಲಜಿ ಬಹಳ ಮುಂದುವರಿದಿದೆ, ಸಿಗ್ನಲ್ ಕಮ್ಮಿ ಇದ್ರೂ ನಡೀತದೆ, ಈಗ ಹೊಸ ಟವರ್ ಬೇಕಾಗಿಲ್ಲ" ಅಂದ್ರು. ಎಲ್ಲರೂ ತಲೆ ಆಡಿಸಿ ಎದ್ದು ಬಂದ್ರು. ನಾನು ಬೆಂಗಳೂರಲ್ಲಿ ಹನ್ನೆರಡು ವರ್ಷ ಮಾಡಿದ್ದು ಇದೇ ಕೆಲಸ, ದಾರಿಯಲ್ಲಿ ಗದ್ದಲ ಸೇರಿ ಕೆಟ್ಟು ಬಂದ ಸಂದೇಶವನ್ನ ಸರಿ ಮಾಡಿ ಬಿಡಿಸೋ, ಮೊಬೈಲ್ ಚಿಪ್ ಒಳಗಿನ ಟರ್ಬೊ ಡಿಕೋಡರ್ ಬರೆಯೋದು, ಆಮೇಲೆ ತೋಟ ನೋಡ್ಕೊಳ್ಳೋಕೆ ಊರಿಗೆ ಬಂದವನು. ಆ ಮಾತು ಸರಿ ಇಲ್ಲ ಅಂತ ಗೊತ್ತಿದ್ದೂ ಸುಮ್ನೆ ಕೂತ್ರೆ ಆಗಲ್ಲ ಅಂತ ಈ ಪತ್ರ.

ತಪ್ಪು ಸರಿ ಮಾಡೋದು ಅಂದ್ರೆ ಏನು ಅಂತ ಮೊದಲು ಹೇಳ್ತೆ. ನಾನು ಸಣ್ಣವನಿದ್ದಾಗ ಒಂದು ಮಳೆಗಾಲ ಉಪ್ಪರಿಗೆ ಸೋರಿ ಅಜ್ಜನ ಲೆಕ್ಕದ ಪುಸ್ತಕ ಎರಡೂ ನೆನೆದು ಹೋಗಿದ್ವು. ಒಂದು ಕೀರ್ದಿ, ದಿನದ ಪ್ರಕಾರ ಬರೆದದ್ದು, ಇನ್ನೊಂದು ಖಾತೆ, ಅದೇ ವ್ಯವಹಾರ ಆದ್ರೆ ಆಸಾಮಿ ಪ್ರಕಾರ. ಅಪ್ಪಯ್ಯ ಕೀರ್ದಿ ಹಿಡಿದು ಜಗಲಿಯ ಈ ತುದಿಗೆ, ಚಿಕ್ಕಪ್ಪ ಖಾತೆ ಹಿಡಿದು ಆ ತುದಿಗೆ ಕೂತು ನಾಲ್ಕು ದಿನ ಅದನ್ನೇ ಮಾಡಿದ್ರು. ಕೀರ್ದಿಯಲ್ಲಿ ಒಂದು ವಾರದ ಹಾಳೆ ಪೂರ್ತಿ ಮಸಿ ಕದಡಿದ್ರೂ ಅದೇ ವಾರದ ರಕಮುಗಳು ಖಾತೆಯಲ್ಲಿ ಇಪ್ಪತ್ತು ಬೇರೆ ಬೇರೆ ಹಾಳೆಯಲ್ಲಿ ಚದುರಿ ಕೂತಿದ್ವು, ಹಾಗಾಗಿ ಎಲ್ಲವೂ ಒಟ್ಟಿಗೆ ಹಾಳಾಗಿರಲಿಲ್ಲ. ಅಪ್ಪಯ್ಯ ಮೊದಲ ದಿನದ ಶಿಲ್ಕಿನಿಂದ ಮುಂದಕ್ಕೆ ಕೂಡ್ತಾ ಬರೋದು, ಕೊನೇ ದಿನದ ಶಿಲ್ಕಿನಿಂದ ಹಿಂದಕ್ಕೆ ಕಳೀತಾ ಬರೋದು, ಎರಡೂ ಸೇರೋ ಜಾಗದಲ್ಲಿ "ಇದು 3 ಇರ್ಬಹುದು 8 ಇರ್ಬಹುದು, ಹೆಚ್ಚು ಪಾಲು 8 ಅನ್ನಿಸ್ತದೆ" ಅಂತ ಕೂಗಿ ಹೇಳೋದು, ಚಿಕ್ಕಪ್ಪ ಅದನ್ನ ಇಟ್ಕೊಂಡು ತನ್ನ ಬಾಕಿ ತಾಳೆ ನೋಡೋದು, ತಿರುಗಿ ತನಗೆ ಅನ್ನಿಸಿದ್ದು ಹೇಳೋದು.

ಟರ್ಬೊ ಕೋಡ್ ಅಂದ್ರೆ ಹೆಚ್ಚುಕಮ್ಮಿ ಇದೇ. ಕಳಿಸೋ ಪ್ರತಿ ಬಿಟ್ (ಒಂದು 0 ಇಲ್ಲಾ 1) ಜೊತೆ ಎರಡು ತಾಳೆ ಬಿಟ್ ಹೋಗ್ತವೆ, ಒಂದು ಮೂಲ ಕ್ರಮದಲ್ಲಿ ಲೆಕ್ಕ ಹಾಕಿದ್ದು, ಇನ್ನೊಂದು ಅದೇ ಬಿಟ್‌ಗಳನ್ನ ಕಲಸಿ ಬೇರೆ ಕ್ರಮಕ್ಕೆ ತಂದು ಹಾಕಿದ್ದು. ಶಿಲ್ಕಿನ ಹಾಗೆ ಪ್ರತಿ ತಾಳೆ ಬಿಟ್‌ನಲ್ಲೂ ಹಿಂದಿನದ್ದೆಲ್ಲ ಸೇರಿರ್ತದೆ. ಫೋನ್ ಒಳಗೆ ಎರಡು ಡಿಕೋಡರ್ ಮಾತಾಡ್ಕೊಳ್ತವೆ, ಮುಂದಿನಿಂದ ಹಿಂದಿನಿಂದ ಎರಡೂ ಕಡೆಯಿಂದ ಲೆಕ್ಕ ಹಾಕೋ ಆ ವಿಧಾನ 1974ರಲ್ಲೇ ಪ್ರಕಟ ಆಗಿತ್ತು, ಬಹಳ ಲೆಕ್ಕ ಬೇಡ್ತದೆ ಅಂತ ಹೆಚ್ಚಿನವರು ಮುಟ್ಟಿರಲಿಲ್ಲ ಅಷ್ಟೇ. ಇದರ ಜೀವಾಳ ಒಂದು ಕಟ್ಟುನಿಟ್ಟು: ಚಿಕ್ಕಪ್ಪ ಹೇಳಿದ್ದನ್ನೇ ಅಪ್ಪಯ್ಯ ತಿರುಗಿ ಚಿಕ್ಕಪ್ಪನಿಗೆ ಹೇಳಬಾರದು, ತನ್ನ ಪುಸ್ತಕದಿಂದ ಹೊಸದಾಗಿ ಗೊತ್ತಾಗಿದ್ದು ಎಷ್ಟೋ ಅಷ್ಟನ್ನೇ ಹೇಳಬೇಕು. ಇಲ್ದಿದ್ರೆ ನಾನು ಹಬ್ಬಿಸಿದ ಸುದ್ದಿ ನಾಲ್ಕು ಮನೆ ಸುತ್ತಿ ನನಗೇ ಬಂದಾಗ ಹೌದಂತೆ ಅಂತ ನಾನೇ ನಂಬಿದ ಹಾಗೆ ಆಗ್ತದೆ, ತಪ್ಪೇ ಗಟ್ಟಿಯಾಗಿ ಕೂತುಬಿಡ್ತದೆ. ಡಿಕೋಡರ್ ಬರೆಯುವಾಗ ಒಂದು ಕಡೆ, ಎದುರಿನವರು ಹೇಳಿದ್ದನ್ನ ಉತ್ತರದಿಂದ ಕಳೆಯೋದನ್ನ ಬಿಟ್ಟು ನಾನೇ ವಾರಗಟ್ಟಲೆ ಒದ್ದಾಡಿದ್ದಿದೆ.

ಇದನ್ನ ಕಂಡುಹಿಡಿದದ್ದು ಫ್ರಾನ್ಸಿನ ಬ್ರೆಸ್ಟ್ ಅನ್ನೋ ಊರಲ್ಲಿ, ಅದೂ ನಮ್ಮ ಕಾರವಾರದ ಹಾಗೆ ಬಂದರು, ನೌಕಾನೆಲೆ ಇರೋ ಊರು. ಕ್ಲೋಡ್ ಬೆರು, ಅಲೆನ್ ಗ್ಲಾವ್ಯೂ, ಥೈಲ್ಯಾಂಡಿನಿಂದ ಓದೋಕೆ ಬಂದಿದ್ದ ಪುನ್ಯ ತಿತಿಮಜಶಿಮ, ಈ ಮೂವರ ಹೆಸರಲ್ಲಿ 1993ರಲ್ಲಿ ಜಿನೀವಾ ಸಮ್ಮೇಳನದಲ್ಲಿ ಲೇಖನ ಬಂತು. ಮೊದಲಿಗೆ ಎಷ್ಟೋ ಜನ ನಂಬಲಿಲ್ಲ, ಲೆಕ್ಕದಲ್ಲಿ ಎಲ್ಲೋ ತಪ್ಪಿದೆ ಅಂದ್ಕೊಂಡ್ರು, ಆಮೇಲೆ ತಾವೇ ಮಾಡಿ ನೋಡಿ ಒಪ್ಪಿದ್ರು. ಹೆಸರು ಬಂದಿದ್ದು ಟರ್ಬೊ ಇಂಜಿನ್ನಿಂದ. ದೇವಿಮನೆ ಘಟ್ಟ ಹತ್ತೋ ಲಾರಿಯಲ್ಲಿ ಹೊರಗೆ ಹೋಗೋ ಹೊಗೆಯ ಒತ್ತಡವನ್ನೇ ಬಳಸಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬ್ತಾರಲ್ಲ, ಹಾಗೆ ಇಲ್ಲಿ ಒಂದು ಡಿಕೋಡರಿನ ಉತ್ತರ ಇನ್ನೊಂದಕ್ಕೆ ತಿರುಗಿ ಹೋಗ್ತದೆ.

ಈಗ ಅಂಕಿ ಹೇಳ್ತೆ, ಯಾಕಂದ್ರೆ ಗ್ರಾಮಸಭೆಯ ಮಾತಿಗೆ ಉತ್ತರ ಇರೋದು ಇಲ್ಲೇ. ಡೆಸಿಬೆಲ್ ಅಂದ್ರೆ ಒಂದು ಶಕ್ತಿ ಇನ್ನೊಂದರ ಎಷ್ಟು ಪಟ್ಟು ಅನ್ನೋ ಅಳತೆ, 0 ಅಂದ್ರೆ ಎರಡೂ ಸಮ, 10 ಅಂದ್ರೆ ಹತ್ತು ಪಟ್ಟು, 20 ಅಂದ್ರೆ ನೂರು ಪಟ್ಟು. ಕೋಡ್ ಇಲ್ದೆ ಸಾದಾ ರೀತಿಯಲ್ಲಿ ಕಳಿಸಿದ್ರೆ ಲಕ್ಷಕ್ಕೆ ಒಂದು ಬಿಟ್ ತಪ್ಪೋ ಮಟ್ಟಕ್ಕೆ ಬರೋಕೆ ಪ್ರತಿ ಬಿಟ್‌ಗೆ ಗದ್ದಲಕ್ಕಿಂತ 9.6 ಡೆಸಿಬೆಲ್ ಮೇಲೆ ಶಕ್ತಿ ಬೇಕು. ಆ 1993ರ ಲೇಖನದಲ್ಲಿ 65,536 ಬಿಟ್‌ನ ಒಂದು ಕಂತೆಯನ್ನ ಎರಡೂ ಡಿಕೋಡರ್ ನಡುವೆ 18 ಸುತ್ತು ಓಡಿಸಿ ಅದೇ ಮಟ್ಟಕ್ಕೆ ಬರೀ 0.7 ಡೆಸಿಬೆಲ್‌ನಲ್ಲಿ ಮುಟ್ಟಿದ್ರು, ಅಂದ್ರೆ ಶಕ್ತಿ ಸುಮಾರು ಎಂಟರಲ್ಲಿ ಒಂದು ಪಾಲು ಸಾಕಾಯ್ತು. ಇನ್ನೂ ಎಷ್ಟು ಇಳೀಬಹುದು? ಅದಕ್ಕೆ ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ 1948ರಲ್ಲೇ ಒಂದು ಗಡಿ ಹಾಕಿಟ್ಟಿದ್ದಾರೆ, ಯಾವ ಕೋಡ್ ಬಂದ್ರೂ ಅದರ ಕೆಳಗೆ ಹೋಗೋಕೆ ಸಾಧ್ಯ ಇಲ್ಲ ಅಂತ ಗಣಿತದಲ್ಲಿ ತೋರಿಸಿ. ಆ ಲೇಖನದಲ್ಲಿ ಎರಡು ತಾಳೆ ಬಿಟ್ಟಿನಲ್ಲಿ ಸರದಿ ಪ್ರಕಾರ ಒಂದನ್ನ ಮಾತ್ರ ಕಳಿಸಿದ್ರು, ಹಾಗೆ ಬಿಟ್ಟಿಗೆ ಒಂದೇ ತಾಳೆ ಬಿಟ್ ಇರೋ ಲೆಕ್ಕಕ್ಕೆ ಆ ಗಡಿ 0 ಡೆಸಿಬೆಲ್. ಮೂವತ್ತು ವರ್ಷದ ಹಿಂದೆಯೇ ಉಳಿದಿದ್ದ ಅಂತರ 0.7 ಮಾತ್ರ ಅಂದ್ಹಾಗಾಯ್ತು.

ಅದೇ ಒಂದು ಗುಡ್ಡ ಅಡ್ಡ ಬಂದ್ರೆ 20 ಡೆಸಿಬೆಲ್ ಸುಲಭದಲ್ಲಿ ಹೋಗ್ತದೆ, ಅಂದ್ರೆ ಬಂದು ಮುಟ್ಟೋ ಶಕ್ತಿ ನೂರರಲ್ಲಿ ಒಂದು ಪಾಲು. ಜಗತ್ತಿನ ಎಲ್ಲ ಗಣಿತಜ್ಞರು ಕೂತು ಇನ್ನುಳಿದ ಅರ್ಧ ಮುಕ್ಕಾಲು ಡೆಸಿಬೆಲ್ ಕಿತ್ತು ತಂದ್ರೂ ಆ ಇಪ್ಪತ್ತು ತುಂಬೋದಿಲ್ಲ ಸ್ವಾಮಿ. 5ಜಿಯಲ್ಲಿ ಡೇಟಾಕ್ಕೆ ಟರ್ಬೊ ಬಿಟ್ಟು ಎಲ್‌ಡಿಪಿಸಿ ಅನ್ನೋ ಕೋಡ್ ತಗೊಂಡಿದ್ದು ನಿಜ, ಅದು ರಾಬರ್ಟ್ ಗ್ಯಾಲಗರ್ 1960ರ ಸುಮಾರಿಗೇ ಮಾಡಿಟ್ಟಿದ್ದು, ಆದ್ರೆ ತಗೊಂಡಿದ್ದು ಮುಖ್ಯವಾಗಿ ವೇಗಕ್ಕಾಗಿ, ಒಂದೇ ಸಲಕ್ಕೆ ಹಲವು ಲೆಕ್ಕ ಒಟ್ಟಿಗೆ ಹಾಕೋಕೆ ಅನುಕೂಲ ಅಂತ. ಗುಡ್ಡದ ಹಿಂದೆ ಮುಟ್ಟಿಸೋಕೆ ಅಲ್ಲ. ಮೇಲಾಗಿ 5ಜಿಯನ್ನ 3,300 ಮೆಗಾಹರ್ಟ್ಸ್‌ನ ಅಲೆಯಲ್ಲಿ ಕೊಟ್ರೆ ಅದು 700 ಮೆಗಾಹರ್ಟ್ಸ್‌ನ ಅಲೆಯಷ್ಟು ಗುಡ್ಡ ಬಳಸಿ ಬರೋದೂ ಇಲ್ಲ, ಕಾಡು ದಾಟೋದೂ ಇಲ್ಲ.

ಇನ್ನೊಂದು ವಿಷಯ ನಮ್ಮ ಕಡೆಯವರು ದಿನಾ ಅನುಭವಿಸೋದು. ಈ ತಿರುವಿನವರೆಗೆ ಮಾತು ಸ್ಪಷ್ಟ, ಎರಡು ಮಾರು ಮುಂದೆ ಹೋದ್ರೆ ಪೂರ್ತಿ ಕಟ್. ಹಿಂದೆ ರೇಡಿಯೊದಲ್ಲಿ ಧಾರವಾಡ ಸ್ಟೇಶನ್ ಸೊಂಯ್ ಅಂತಿದ್ರೂ ವಾರ್ತೆ ಹೇಗೋ ತಿಳೀತಿತ್ತು, ಇಲ್ಲಿ ಹಾಗಲ್ಲ. ಟರ್ಬೊ ಕೋಡಿನ ಗ್ರಾಫ್ ಹಾಕಿದ್ರೆ ಒಂದು ಹಂತದವರೆಗೆ ತಪ್ಪು ಹಾಗೇ ಇರ್ತದೆ, ಆಮೇಲೆ ಅರ್ಧ ಡೆಸಿಬೆಲ್ ಆಚೀಚೆಯಲ್ಲಿ ಜೋಗದ ಹಾಗೆ ಒಂದೇ ಸಲಕ್ಕೆ ಬಿದ್ದು ಲಕ್ಷಕ್ಕೆ ಒಂದಕ್ಕೆ ಇಳೀತದೆ, ಅದನ್ನ ಈ ಕೆಲಸದವರು ಜಲಪಾತ ಅಂತಲೇ ಕರೀತಾರೆ. ಆ ತುದಿಯ ಹೊರಗೆ ಇದ್ದವರಿಗೆ ಎರಡು ಡಿಕೋಡರ್ ಎಷ್ಟು ಸುತ್ತು ಮಾತಾಡಿದ್ರೂ ಪ್ರಯೋಜನ ಇಲ್ಲ, ಇಬ್ಬರ ಪುಸ್ತಕವೂ ಪೂರ್ತಿ ನೆನೆದು ಹೋಗಿದೆ ಅಂತ ತಿಳ್ಕೊಳ್ಳಿ.

ಫೋನಿನಲ್ಲಿ ಸಿಗ್ನಲ್ ಪಾಯಿಂಟ್ ಎರಡು ತೋರಿಸ್ತದೆ ಆದ್ರೆ ಫೋಟೊ ಹೋಗಲ್ಲ ಅನ್ನೋದಕ್ಕೂ ಕಾರಣ ಇದೆ. ಟವರ್ ಹತ್ತಾರು ವಾಟ್‌ನಲ್ಲಿ ಕಳಿಸ್ತದೆ, ನಿಮ್ಮ 4ಜಿ ಫೋನ್ ಹೆಚ್ಚಂದ್ರೆ 0.2 ವಾಟ್. ಪಾಯಿಂಟ್ ತೋರಿಸೋದು ಟವರಿಂದ ಬಂದಿದ್ದನ್ನ, ನೀವು ಕಳಿಸಿದ್ದು ಅಲ್ಲಿಗೆ ಮುಟ್ಟಿತೋ ಇಲ್ವೋ ಅದು ಹೇಳಲ್ಲ. 4ಜಿಯಲ್ಲಿ ಒಂದು ಕಂತೆ ಬಿಡಿಸೋಕೆ ಆಗದಿದ್ರೆ ಅದನ್ನ ಬಿಸಾಡದೆ ಇಟ್ಕೊಂಡು, ಮತ್ತೆ ಕಳಿಸಿದ್ದರ ಜೊತೆ ಸೇರಿಸಿ ನೋಡ್ತಾರೆ, ಹಾಗೆ ನಾಲ್ಕು ಸಲ ಕಳಿಸಿದ್ರೆ ಸಂದೇಶ ದಾಟೀತು, ಆದ್ರೆ ವೇಗ ಕಾಲು ಭಾಗ, ಫೋನ್ ಪೂರ್ತಿ ದಮ್ಮು ಹಾಕಿ ಕಿರುಚ್ತಾ ಇರೋದ್ರಿಂದ ಚಾರ್ಜೂ ಮಧ್ಯಾಹ್ನಕ್ಕೇ ಖಾಲಿ. ಹೋದ ಮಳೆಗಾಲ ಪಕ್ಕದ ಮನೆ ಅಜ್ಜಿಗೆ ರಾತ್ರಿ ಎದೆನೋವು ಬಂದಾಗ ಆ ಮನೆ ಹುಡುಗ ಜೀಪಿಗೆ ಫೋನ್ ಮಾಡೋಕೆ ಟಾರ್ಚ್ ಹಿಡ್ಕೊಂಡು ಬೆಟ್ಟದ ತಲೆಗೆ ಓಡಿದ್ದ. ಅಜ್ಜಿ ಉಳ್ಕೊಂಡ್ರು. ಆದ್ರೆ ಆ ಅರ್ಧ ತಾಸನ್ನ ಯಾವ ಕೋಡೂ ಸರಿ ಮಾಡೋದಿಲ್ಲ.

ನಿಮ್ಮ ಪತ್ರಿಕೆಯಲ್ಲಿ ನಮ್ಮ ಜಿಲ್ಲೆ ನೆಟ್‌ವರ್ಕ್ ಸುದ್ದಿ ಆಗಾಗ ಬರ್ತದೆ, ಬಹಳ ಉಪಕಾರ. ಇನ್ಮೇಲೆ ವರದಿ ಮಾಡುವಾಗ ಎಷ್ಟು ಪಾಯಿಂಟ್ ಅಂತ ಬರೆಯೋ ಬದಲು ಡಿಬಿಎಂ ಅಂಕಿ (ಒಂದು ಮಿಲಿವಾಟ್‌ಗೆ ಹೋಲಿಸಿ ಡೆಸಿಬೆಲ್‌ನಲ್ಲಿ ಹೇಳೋ ಸಿಗ್ನಲ್ ಅಳತೆ, ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟು ಸಿಗ್ನಲ್ ಕಮ್ಮಿ) ಕೇಳಿ ಬರೀರಿ, ಹೆಚ್ಚಿನ ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ಒಳಗೆ ಸಿಮ್ ಮಾಹಿತಿಯಲ್ಲಿ ಸಿಗ್ನಲ್ ಸ್ಟ್ರೆಂಗ್ತ್ ಅಂತ ಸಿಗ್ತದೆ, 4ಜಿಯಲ್ಲಿ ಮೈನಸ್ 85 ಅಂದ್ರೆ ಚೆನ್ನಾಗಿದೆ, ಮೈನಸ್ 110 ಅಂದ್ರೆ ಕಷ್ಟ, 120 ದಾಟಿದ್ರೆ ಮುಗೀತು. ಅಧಿಕಾರಿಗಳು, ಕಂಪನಿಯವರು ಟೆಕ್ನಾಲಜಿ ಬರ್ತದೆ ಅಂದ್ರೆ "ಎಷ್ಟು ಡೆಸಿಬೆಲ್ ತರ್ತದೆ, ನಮ್ಮ ಗುಡ್ಡ ಎಷ್ಟು ಡೆಸಿಬೆಲ್ ತಿಂತದೆ" ಅಂತ ನಿಮ್ಮ ವರದಿಗಾರರು ಒಂದು ಪ್ರಶ್ನೆ ಕೇಳಲಿ. ನಮಗೆ ಬೇಕಾಗಿದ್ದು ಕಣಿವೆ ಕಾಣೋ ಜಾಗದಲ್ಲಿ ಒಂದು ಸಣ್ಣ ಟವರ್, 700 ಇಲ್ಲಾ 900ರ ಅಲೆ, ಕರೆಂಟ್ ಹೋದಾಗ ನಡೆಯೋ ಬ್ಯಾಟರಿ, ಅಷ್ಟೇ.

ನಮ್ಮ ಕೇರಿ ಮತ್ತು ಆಚೆ ಮೂರು ಕೇರಿಯಲ್ಲಿ ಮನೆಮನೆಗೆ ಹೋಗಿ ಅಂಗಳದಲ್ಲಿ, ಒಳಗೆ, ತೋಟದಲ್ಲಿ ಎಷ್ಟು ಡಿಬಿಎಂ ಬರ್ತದೆ ಅಂತ ಹುಡುಗರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಮುಂದಿನ ಗ್ರಾಮಸಭೆಗೆ ಅದರ ಒಂದು ಪ್ರತಿ ಕೊಡ್ತೇವೆ, ನೀವು ಕೇಳಿದ್ರೆ ನಿಮಗೂ ಒಂದು ಪ್ರತಿ ಶಿರಸಿಯಿಂದ ಅಂಚೆಗೆ ಹಾಕ್ತೆ.

ಇಂತಿ,
ನಿಮ್ಮ ಓದುಗ,
ಶಿರಸಿ ತಾಲೂಕು, ಉತ್ತರ ಕನ್ನಡ