ಲಯನ್‌ಫಿಶ್‌ಗೆ ಊಟ ಹಾಕುವ ವಿಚಾರ: ಗಿರೀಶನಿಗೊಂದು ಪತ್ರ

ಪ್ರಿಯ ಗಿರೀಶ,

ನೀನು ಕಳಿಸಿದ ವಿಡಿಯೋ ನೋಡಿದೆ. ನೀನು ತಂದ ಲಯನ್‌ಫಿಶ್, ಆ ವಿಷದ ಮುಳ್ಳಿನ ಸಮುದ್ರದ ಮೀನು, ಚೆನ್ನಾಗಿದೆ ಮಾರಾಯ. ಕಣ್ಣು ತಿಳಿಯಾಗಿದೆ, ರೆಕ್ಕೆ ಎಲ್ಲೂ ಹರಿದಿಲ್ಲ, ಉಸಿರಾಟದಲ್ಲೂ ಗಡಿಬಿಡಿ ಇಲ್ಲ. ಮನೆಗೆ ಬಂದು ವಾರವಾದರೂ ಒಂದು ತುತ್ತು ಮುಟ್ಟಿಲ್ಲ ಅಂತ ನಿನಗೆ ನಿದ್ದೆ ಬರ್ತಿಲ್ಲ, ಅಲ್ವಾ? ಗಾಬರಿ ಬೇಡ. ಆರೋಗ್ಯವಾಗಿರುವ ಲಯನ್‌ಫಿಶ್ ವಾರಗಟ್ಟಲೆ ಉಪವಾಸ ಇರುತ್ತದೆ. ನಿಮ್ಮಜ್ಜಿಯ ಏಕಾದಶಿ ಅದರ ಮುಂದೆ ಏನೂ ಅಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಬಿಡುತ್ತೀಯ ಅಂತ ಬರೆದೇ ಕಳಿಸುತ್ತಿದ್ದೇನೆ. ಈ ಮೀನು ಸಾಕುವ ಬೇರೆಯವರೂ ಓದಿಕೊಳ್ಳಲಿ.

ದಿನಾ ನಾಲ್ಕು ಗೋಲ್ಡ್‌ಫಿಶ್ ಮರಿ ಬಿಡಿ ಸರ್, ಮಜಾ ಇರುತ್ತೆ ಅಂತ ಅಂಗಡಿಯವನು ಹೇಳಿದನಂತೆ. ಮಜಾ ನೋಡುವವರಿಗೆ. ಮೀನಿಗಲ್ಲ. ಗೋಲ್ಡ್‌ಫಿಶ್ ಸಿಹಿನೀರಿನ ಮೀನು, ಅದರ ಮೈಯಲ್ಲಿರುವ ಕೊಬ್ಬೇ ಬೇರೆ ಥರ. ಸಮುದ್ರದ ಬೇಟೆ ಮೀನಿಗೆ ಬೇಕಾದ ಒಮೆಗಾ-3 ಕೊಬ್ಬು ಅದರಲ್ಲಿ ಸಾಕಷ್ಟು ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಥಯಾಮಿನೇಸ್ ಅನ್ನುವ ಕಿಣ್ವ. ಇದು ಬಿ1 ವಿಟಮಿನ್ನನ್ನು ಒಡೆದುಹಾಕುತ್ತದೆ. ಗೋಲ್ಡ್‌ಫಿಶ್‌ನಲ್ಲಿ ಇದು ಜಾಸ್ತಿ. ಮೊದಮೊದಲು ಏನೂ ಗೊತ್ತಾಗುವುದಿಲ್ಲ. ಲಯನ್‌ಫಿಶ್ ಗಬಗಬ ತಿನ್ನುತ್ತದೆ, ಉಬ್ಬುತ್ತದೆ, ನೀನೂ ಖುಷಿಪಡುತ್ತೀಯ. ತಿಂಗಳುಗಳು ಕಳೆದ ಮೇಲೆ ಮಂಕಾಗುತ್ತದೆ, ಊಟ ಬಿಡುತ್ತದೆ, ಗುರಿ ಹಿಡಿಯಲಾಗದೆ ತಡವರಿಸುತ್ತದೆ. ಅಷ್ಟೊತ್ತಿಗೆ ಕಾರಣ ಯಾರಿಗೂ ನೆನಪಿರುವುದಿಲ್ಲ. ಸುಮ್ನೆ ಸತ್ತುಹೋಯ್ತು ಅಂತ ಜನ ಹೇಳುವುದರಲ್ಲಿ ಎಷ್ಟೋ ಇಂಥವೇ ಇರಬೇಕು ಅಂತ ನನ್ನ ಅನುಮಾನ. ಅಂಗಡಿಯ ಆ ಕಿಕ್ಕಿರಿದ ತೊಟ್ಟಿಯಿಂದ ರೋಗ ಬರುವ ಭಯ ಬೇರೆ.

ಹಾಗಾದರೆ ಸತ್ತ ಸಿಗಡಿ ಹಾಕಿದರೆ ಯಾಕೆ ಮೂಸಿಯೂ ನೋಡಲಿಲ್ಲ? ಅದರ ಮಟ್ಟಿಗೆ ಅಲ್ಲಾಡದೆ ಬಿದ್ದಿರುವುದು ಊಟವೇ ಅಲ್ಲ. ಸಮುದ್ರದಲ್ಲಿ ಇದು ಬೇಟೆಯಾಡುವ ರೀತಿ ನೋಡಬೇಕು. ಅಟ್ಟಿಸಿಕೊಂಡು ಹೋಗುವ ಜಾತಿಯಲ್ಲ. ಎರಡೂ ಪಕ್ಕದ ರೆಕ್ಕೆಗಳನ್ನು ಅಗಲಿಸಿ, ಸಣ್ಣ ಮೀನನ್ನು ನಿಧಾನವಾಗಿ ಬಂಡೆಯ ಮೂಲೆಗೆ ಒತ್ತಿಕೊಂಡು ಹೋಗುತ್ತದೆ. ಕೆಲವೊಮ್ಮೆ ಬಾಯಿಂದ ನೀರನ್ನು ಪಿಚಕಾರಿಯಂತೆ ಅದರ ಕಡೆ ಊದುತ್ತದೆ. ಸಣ್ಣ ಮೀನು ಆ ಹರಿವಿಗೆ ಎದುರಾಗಿ ತಿರುಗುತ್ತದೆ, ಅಂದರೆ ತಲೆ ನೇರ ಇದರ ಬಾಯಿಯ ಕಡೆಗೆ. ಆಮೇಲೆ ಒಂದೇ ಗುಟುಕು. ಮುರ್ಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿದವರನ್ನು ಕೇಳು, ಹಗಲೆಲ್ಲ ಬಂಡೆಯ ಸಂದಿಯಲ್ಲಿ ತಲೆಕೆಳಗಾಗಿ ನೇತುಕೊಂಡಿರುತ್ತದೆ ಅಂತಾರೆ. ಚುರುಕಾಗುವುದು ಬೆಳಗಿನ ಜಾವ, ಮುಸ್ಸಂಜೆ. ನೀನು ಮಧ್ಯಾಹ್ನ ಟ್ಯಾಂಕಿನ ಲೈಟೆಲ್ಲ ಉರಿಸಿ ಸಿಗಡಿ ಎಸೆದು, ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ಅದಾದರೂ ಏನು ಮಾಡೀತು?

ಮೊದಲು ಕಲಿಸಬೇಕು. ಇದಕ್ಕೆ ತಾಳ್ಮೆ ಬೇಕು, ನಿನಗೆ ಅದು ಕಮ್ಮಿ, ಗೊತ್ತು. ಶುರುವಿಗೆ ಜೀವಂತ ಸಣ್ಣ ಸಿಗಡಿ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಮಾಲಿ ಮೀನಿನ ಮರಿ. ಮಾಲಿಯನ್ನು ಹನಿಹನಿಯಾಗಿ ಉಪ್ಪುನೀರು ಬೆರೆಸುತ್ತಾ ಹೋದರೆ ಸಮುದ್ರದ ನೀರಿಗೂ ಒಗ್ಗುತ್ತದೆ. ಒಂದು ಬಕೆಟ್ಟಿನಲ್ಲಿ ಒಂದೆರಡು ಜೋಡಿ ಸಾಕಿದರೆ ಮರಿ ಹಾಕುತ್ತಲೇ ಇರುತ್ತವೆ, ರೋಗದ ಭಯವೂ ಕಮ್ಮಿ. ಆ ಮರಿಗಳಿಗೆ ಒಳ್ಳೆ ಆಹಾರ ತಿನ್ನಿಸಿ ಆಮೇಲೆ ಬಿಡು. ಅವುಗಳ ಹೊಟ್ಟೆಯಲ್ಲಿರುವುದೇ ಇದಕ್ಕೂ ಸೇರುವುದು. ಆದರೆ ಇದು ಬರೀ ಶುರುವಿಗೆ, ನೆನಪಿಡು.

ನಿನ್ನ ಮೀನು ಹೊಸ ಜಾಗಕ್ಕೆ ಹೊಂದಿಕೊಂಡು ಜೀವಂತದ್ದನ್ನು ಹಿಡಿಯತೊಡಗಿದ ಮೇಲೆ ಕಡ್ಡಿ ಕೈಗೆ ತಗೋ. ಉದ್ದನೆಯ ಅಕ್ರಿಲಿಕ್ ಕಡ್ಡಿ ಅಥವಾ ಉದ್ದ ಚಿಮಟ, ತುದಿ ಮೊಂಡಾಗಿರಲಿ. ಇದು ಕಡ್ಡಿಯ ಸಮೇತ ಬಾಯಿಗೆ ಎಳೆದುಕೊಳ್ಳುವ ಪ್ರಾಣಿ, ಚೂಪು ತುದಿಯಾದರೆ ಅಂಗುಳಿಗೆ ಚುಚ್ಚೀತು. ಸಿಗಡಿ ತುಂಡನ್ನು ಸಡಿಲವಾಗಿ ಸಿಕ್ಕಿಸು. ರೂಮಿನ ದೀಪ ಮಂದ ಮಾಡು. ತುಂಡನ್ನು ಮೀನಿನ ಮುಖಕ್ಕೆ ತಿವಿಯಬೇಡ, ಒಂದು ಗೇಣು ದೂರದಲ್ಲಿ, ಹೆದರಿ ಓಡುವ ಸಿಗಡಿಯ ಹಾಗೆ ಚೂರು ಚೂರೇ ಹಿಂದಕ್ಕೆ ಎಳೆ. ಯಾವ ಬೇಟೆಯೂ ತಾನಾಗಿ ಬಾಯಿಯ ಕಡೆ ಓಡಿಬರುವುದಿಲ್ಲ. ತುಂಡು ಮುಂದೆ ಬಂದರೆ ಇದಕ್ಕೇ ಅನುಮಾನ.

ಆಗ ಏನಾಗುತ್ತದೆ ನೋಡು. ಮೊದಲು ಕಣ್ಣು ತಿರುಗುತ್ತದೆ. ಮೈ ಅಲ್ಲೇ ಇರುತ್ತದೆ, ಕಣ್ಣು ಮಾತ್ರ ತುಂಡಿನ ಹಿಂದೆ ಹೋಗುತ್ತದೆ. ಆಮೇಲೆ ಬೆನ್ನಿನ ಮುಳ್ಳುಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ರೆಕ್ಕೆ ಬಿಚ್ಚಿಕೊಂಡು, ಬಾಲವನ್ನು ಅಲ್ಲಾಡಿಸಿಯೂ ಅಲ್ಲಾಡಿಸದ ಹಾಗೆ, ತೇಲಿಕೊಂಡು ಹತ್ತಿರ ಬರುತ್ತದೆ. ಬಂದು ನಿಲ್ಲುತ್ತದೆ. ಇಲ್ಲೇ ನಿನ್ನ ಕೈ ನಡುಗಬಾರದು. ತಲೆ ಸ್ವಲ್ಪ ಓರೆ ಮಾಡಿ ಅಳತೆ ನೋಡುತ್ತದೆ. ಮುಂದಿನದು ಕಣ್ಣಿಗೆ ಕಾಣುವುದಿಲ್ಲ, ಟಪ್ ಅಂತ ಒಂದು ಸದ್ದು ಕೇಳೀತು ಅಷ್ಟೇ, ಕಡ್ಡಿಯ ತುದಿ ಖಾಲಿ. ಒಮ್ಮೊಮ್ಮೆ ಬಾಯೊಳಗೆ ಹೋಗಿದ್ದು ಫೂ ಅಂತ ಹೊರಗೆ ಬಂದುಬಿಡುತ್ತದೆ. ಬೇಜಾರು ಮಾಡಿಕೊಳ್ಳಬೇಡ, ನಾಳೆ ಮತ್ತೆ. ಒಮ್ಮೆ ಅಭ್ಯಾಸವಾಯಿತೋ, ನೀನು ರೂಮಿಗೆ ಬಂದ ಕೂಡಲೇ ಗಾಜಿನ ಹತ್ತಿರ ಬಂದು ಬೇಡುತ್ತಾ ನಿಲ್ಲುತ್ತದೆ. ಆಗ ಶುರುವಾಗುತ್ತದೆ ಎರಡನೇ ತಾಪತ್ರಯ. ಅದಕ್ಕೆ ಆಮೇಲೆ ಬರುತ್ತೇನೆ.

ಏನು ಹಾಕಬೇಕು? ಮಸಾಲೆ, ಉಪ್ಪು, ಅರಿಶಿನ ಮುಟ್ಟದ್ದು ಯಾವುದಾದರೂ ಸಮುದ್ರದ್ದು. ಸಿಪ್ಪೆ ಸಮೇತ ಸಿಗಡಿ ತುಂಡು, ಬೊಂಡಾಸ್ (ಸ್ಕ್ವಿಡ್) ಚೂರು, ಕಾಣೆಯ ಎಳೆ ಮಾಂಸ. (ಕಾಣೆಯ ರೇಟು ನನಗೂ ಗೊತ್ತು. ಮೀನಿಗೆ ಕಾಣೆ, ನಮಗೆ ಬಂಗುಡೆ, ಇದು ಈ ಹವ್ಯಾಸದ ಹಣೆಬರಹ.) ಒಂದೇ ಪದಾರ್ಥಕ್ಕೆ ಜೋತು ಬೀಳಬೇಡ. ಸಿಗಡಿ, ಚಿಪ್ಪು, ಕೊಳ್ತರು ಜಾತಿಯ ಸಣ್ಣ ಮೀನು, ಇವುಗಳಲ್ಲೂ ಕೆಲವಕ್ಕೆ ಆ ಥಯಾಮಿನೇಸ್ ಇದ್ದೇ ಇದೆ, ಫ್ರೀಜರಿನಲ್ಲಿ ಇಟ್ಟ ಮಾತ್ರಕ್ಕೆ ಅದು ಹೋಗುವುದಿಲ್ಲ. ಅದಕ್ಕೇ ಬದಲಾಯಿಸುತ್ತಾ ಇರು. ಮೀನಿಗೆಂದೇ ಸಿಗುವ ವಿಟಮಿನ್ ದ್ರವದಲ್ಲಿ ಆಗಾಗ ನೆನೆಸಿ ಕೊಡು. ಬಂಗುಡೆ, ಬೂತಾಯಿ ಎಣ್ಣೆ ಬಿಡುತ್ತವೆ, ನೀರಿನ ಮೇಲೆ ಪದರ ಕಟ್ಟಿ, ಕೊಳೆ ತೆಗೆಯುವ ಸ್ಕಿಮ್ಮರ್ ಕೈಕೊಡುತ್ತದೆ. ಅವು ಅಪರೂಪಕ್ಕೆ ಸಾಕು. ಕೋಳಿ, ಕುರಿ ಬೇಡವೇ ಬೇಡ. ಆ ಕೊಬ್ಬು ಇದಕ್ಕೆ ಅರಗುವುದಿಲ್ಲ. ತುಂಡಿನ ಅಳತೆ ಎರಡು ಕಣ್ಣುಗಳ ನಡುವಿನ ಜಾಗದಷ್ಟು. ದೊಡ್ಡದನ್ನೂ ನುಂಗುತ್ತದೆ, ಅದೇ ಸಮಸ್ಯೆ.

ಈಗ ಆ ಎರಡನೇ ತಾಪತ್ರಯ. ಇದರ ಹೊಟ್ಟೆ ಖಾಲಿ ಇದ್ದಾಗಿನ ಅಳತೆಯ 30 ಪಟ್ಟಿನವರೆಗೂ ಹಿಗ್ಗಬಲ್ಲದು. ಕೊಟ್ಟಷ್ಟೂ ತಿನ್ನುತ್ತದೆ. ಅಟ್ಲಾಂಟಿಕ್ ಕಡೆ ಏನಾಯಿತು ಗೊತ್ತಲ್ಲ? ಅದು ಇದರ ಊರಲ್ಲ. 1985ರಲ್ಲಿ ಫ್ಲೋರಿಡಾದ ಕರಾವಳಿಯಲ್ಲಿ ಮೊದಲು ಕಂಡಿತು. ಯಾರೋ ಸಾಕಲಾಗದೆ ಸಮುದ್ರಕ್ಕೆ ಬಿಟ್ಟಿದ್ದರಿಂದ ಶುರುವಾಯಿತು ಅಂತಲೇ ಹೆಚ್ಚಿನವರು ನಂಬುತ್ತಾರೆ. 1992ರ ಚಂಡಮಾರುತದಲ್ಲಿ ತೊಟ್ಟಿ ಒಡೆದು ತಪ್ಪಿಸಿಕೊಂಡವು ಅನ್ನುವ ಕಥೆ ಚೆನ್ನಾಗಿದೆ, ಆದರೆ ಅದಕ್ಕೂ ಏಳು ವರ್ಷ ಮೊದಲೇ ಅಲ್ಲಿ ಇದು ಕಂಡಿತ್ತು. ಬಹಾಮಾಸ್‌ನಲ್ಲಿ ಸಣ್ಣ ಸಣ್ಣ ಹವಳದ ದಿಬ್ಬಗಳ ಮೇಲೆ ಪ್ರಯೋಗ ಮಾಡಿದರು. ಒಂದು ಲಯನ್‌ಫಿಶ್ ಇದ್ದ ದಿಬ್ಬದಲ್ಲಿ ಹೊಸದಾಗಿ ಸೇರುವ ಮೀನಿನ ಮರಿಗಳು ಐದೇ ವಾರದಲ್ಲಿ ಸರಾಸರಿ 79% ಕಮ್ಮಿಯಾದವು. ಅಲ್ಲಿ ಹಿಡಿದ ಕೆಲವು ಲಯನ್‌ಫಿಶ್‌ಗಳ ಹೊಟ್ಟೆ ಸೀಳಿ ನೋಡಿದರೆ ಒಳಗೆ ಬರೀ ಕೊಬ್ಬು. ಸಮುದ್ರದಲ್ಲೇ ಹೀಗಾದರೆ, ನಾಲ್ಕು ಗಾಜಿನ ನಡುವೆ ಓಡಾಟವೇ ಇಲ್ಲದೆ ಬದುಕುವ ನಿನ್ನದರ ಗತಿ?

ಹಾಗಾಗಿ ಈಗ ಮರಿಯಾಗಿದ್ದಾಗ ದಿನ ಬಿಟ್ಟು ದಿನ. ದೊಡ್ಡದಾದ ಮೇಲೆ ವಾರಕ್ಕೆ ಎರಡು ಸಲ, ಹೆಚ್ಚೆಂದರೆ ಮೂರು. ಹೊಟ್ಟೆ ಚೂರು ದುಂಡಗಾದ ಕೂಡಲೇ ನಿಲ್ಲಿಸು, ಅದು ಎಷ್ಟೇ ಬೇಡಲಿ. ಉಳಿದ ತುಂಡನ್ನು ಅಲ್ಲೇ ಬಿಡಬೇಡ, ಅದೇ ಕೊಳೆತು ಅಮೋನಿಯಾ ಆಗುವುದು. ಇನ್ನೊಂದು: ಕರೆಂಟ್ ಹೋಗುವ ಸೂಚನೆ ಇದ್ದ ದಿನ ಊಟ ಹಾಕಬೇಡ. ತಿಂದ ಮೇಲೆ ಮೀನಿಗೆ ಆಕ್ಸಿಜನ್ ಜಾಸ್ತಿ ಬೇಕು, ಪಂಪು ನಿಂತರೆ ಕಷ್ಟ.

ಆ ಕ್ಲೌನ್‌ಫಿಶ್ ಜೋಡಿಯನ್ನು ಬೇರೆ ಟ್ಯಾಂಕಿಗೆ ಹಾಕಿಬಿಡು. ಈಗ ಜೊತೆಯಾಗಿ ಆಡುತ್ತಿವೆ ಅಂತ ಬರೆದಿದ್ದೀಯ. ಆಡುತ್ತಿಲ್ಲ ಕಣೋ, ಅಳತೆ ನೋಡುತ್ತಿದೆ.

ಮುಳ್ಳಿನ ಬಗ್ಗೆ ತಮಾಷೆ ಇಲ್ಲ. ಬೆನ್ನಿನ ಮೇಲೆ 13, ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆಯಲ್ಲಿ 2, ಅದರ ಹಿಂದಿನ ರೆಕ್ಕೆಯಲ್ಲಿ 3, ಒಟ್ಟು 18 ವಿಷದ ಮುಳ್ಳು. ಅಗಲವಾದ ಪಕ್ಕದ ರೆಕ್ಕೆಗಳಲ್ಲಿ ವಿಷ ಇಲ್ಲ, ಆದರೂ ಕೈ ಹಾಕುವಾಗ ಲೆಕ್ಕ ಹಾಕುತ್ತಾ ಕೂರಬೇಡ. ಊಟ ಹಾಕುವಾಗ ಬರಿಗೈ ನೀರಿಗೆ ಇಳಿಸಲೇಬಾರದು. ಹಸಿದ ಮೀನು ಬೆರಳನ್ನೂ ಸಿಗಡಿ ಅಂದುಕೊಂಡೀತು. ಚುಚ್ಚಿದರೆ ಆ ಜಾಗವನ್ನು ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಡಬೇಕು. ಈ ವಿಷ ಪ್ರೋಟೀನಿನದ್ದು, ಬಿಸಿಗೆ ಕೆಡುತ್ತದೆ. ಕುದಿಯುವ ನೀರಲ್ಲ ಮತ್ತೆ, ಚರ್ಮ ಸುಟ್ಟುಕೊಂಡೀಯ. ಮನೆಯವರು ಮೊದಲು ಕೈ ಅದ್ದಿ ನೋಡಲಿ, ನೋವಿನಲ್ಲಿ ನಿನಗೆ ಬಿಸಿಯ ಅಂದಾಜು ಸಿಗುವುದಿಲ್ಲ. ಹೇಗಿದ್ದರೂ ಡಾಕ್ಟರ ಹತ್ತಿರ ಹೋಗು. ಉಸಿರು ಕಟ್ಟಿದ ಹಾಗಾದರೆ ಬಿಸಿ ನೀರು ಕಾಯಿಸುತ್ತಾ ಕೂರದೆ ಸೀದಾ ಹೋಗು.

ಚೌತಿಗೆ ಎಲ್ಲರೂ ಕುಂದಾಪುರಕ್ಕೆ ಹೋಗುತ್ತೀರಿ, ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಊಟ ಹಾಕಲು ಹೇಳಲಾ ಅಂತ ನೀನು ಕೇಳಿದ್ದೆ. ಬೇಡ. ಅಷ್ಟೊತ್ತಿಗೆ ಕಡ್ಡಿಯಿಂದ ತಿನ್ನಲು ಕಲಿತಿದ್ದರೆ ಹೊರಡುವ ಎರಡು ದಿನ ಮೊದಲು ಹದವಾಗಿ ಹಾಕು, ಆಮೇಲೆ ನೀನು ಬರುವವರೆಗೂ ಏನೂ ಬೇಡ. ಪಕ್ಕದವರಿಗೆ ಎರಡೇ ಕೆಲಸ ಹೇಳು: ಪಂಪು ಓಡುತ್ತಿದೆಯಾ ನೋಡುವುದು, ಆವಿಯಾದಷ್ಟು ಆರ್‌ಓ ನೀರು ಸೇರಿಸುವುದು. ಉಪ್ಪು ಬೆರೆಸದ ನೀರು ಅಂತ ಕ್ಯಾನಿನ ಮೇಲೆ ದೊಡ್ಡದಾಗಿ ಬರೆದಿಡು. ಫ್ರಿಜ್ಜಿನಲ್ಲಿರುವ ಸಿಗಡಿ ಡಬ್ಬ ಅವರ ಕಣ್ಣಿಗೆ ಬೀಳದಿದ್ದರೆ ಒಳ್ಳೆಯದು. ಪಾಪ ಹಸಿದಿದೆ ಅಂತ ಯಾರಾದರೂ ಹಾಕಿಯೇ ಹಾಕುತ್ತಾರೆ.

ಇವತ್ತು ಸಂಜೆ ಲೈಟ್ ಆರಿಸಿದ ಮೇಲೆ ಪಕ್ಕದಿಂದ ಒಂದು ಫೋಟೋ ತೆಗೆದು ಕಳಿಸು. ಹೊಟ್ಟೆ ಎಷ್ಟು ಒಳಗೆ ಹೋಗಿದೆ ನೋಡಿ, ಮಾಲಿ ಮರಿ ಯಾವಾಗ ಬಿಡಬೇಕು ಅಂತ ಹೇಳುತ್ತೇನೆ.

ನಿನ್ನ,
ಸತೀಶ