ಉಕ್ಕಿನ ಕಂಬಗಳ ಬಕ್ಲಿಂಗ್ (ಭಾರಕ್ಕೆ ಪಕ್ಕಕ್ಕೆ ಬಾಗುವಿಕೆ) ಪರೀಕ್ಷಾ ವರದಿಯ ಬಗ್ಗೆ ದೂರು

ಗೆ,
ಗುಣಮಟ್ಟ ವ್ಯವಸ್ಥಾಪಕರು,
ಸ್ಟ್ರಕ್ಚರಲ್ ಟೆಸ್ಟಿಂಗ್ ವಿಭಾಗ

ವಿಷಯ: ವೆಲ್ಡ್ ಮಾಡಿದ ಮೂರು ಐ-ಸೆಕ್ಷನ್ ಕಂಬಗಳ ವರದಿ ಹಿಂಪಡೆದು, ಮರುಪರೀಕ್ಷೆ ಮಾಡಿಕೊಡುವ ಕುರಿತು

ಮಾನ್ಯರೇ,

ನಿಮ್ಮ ವರದಿಯಲ್ಲಿ ‘ಎರಡೂ ತುದಿ ಹಿಂಜ್’ (ತುದಿ ತಿರುಗಲು ಬಿಡುವ ಜೋಡಣೆ) ಎಂದು ಬರೆದು, ಗರಿಷ್ಠ ಭಾರ 882, 905 ಮತ್ತು 917 ಕಿಲೋನ್ಯೂಟನ್ ಎಂದು ತೋರಿಸಿದ್ದೀರಿ. ಈ ವರದಿಯನ್ನು ನಾವು ಒಪ್ಪುವುದಿಲ್ಲ.

ಕಂಬದ ಫ್ಲೇಂಜ್ (‘I’ ಆಕಾರದ ಎರಡು ಅಡ್ಡ ಪಟ್ಟಿಗಳು) 150×10, ವೆಬ್ (ನಡುವಿನ ಪಟ್ಟಿ) 180×6 ಮಿ.ಮೀ.; ವಿಸ್ತೀರ್ಣ 4080 ಚದರ ಮಿ.ಮೀ. ದುರ್ಬಲ ಅಕ್ಷದ (ಕಂಬ ಸುಲಭವಾಗಿ ಬಾಗುವ ದಿಕ್ಕಿನ) ರೇಡಿಯಸ್ ಆಫ್ ಜೈರೇಷನ್ (ವಿಸ್ತೀರ್ಣ ಅಕ್ಷದಿಂದ ಎಷ್ಟು ಹರಡಿದೆ ಎಂಬ ಅಳತೆ) 37.1 ಮಿ.ಮೀ. ಆರ್ಡರ್‌ನಲ್ಲಿ ಕೇಳಿದ್ದಂತೆ ಮೇಲಿನ ನೈಫ್ ಎಡ್ಜ್ (ತುದಿ ಹಿಂಜ್‌ನಂತೆ ತಿರುಗಲು ಬಿಡುವ ಚೂಪು ಆಧಾರ) ಮೊನೆಯಿಂದ ಕೆಳಗಿನದಕ್ಕೆ 3700 ಮಿ.ಮೀ. ಇದ್ದರೆ ಸ್ಲೆಂಡರ್‌ನೆಸ್ (ಉದ್ದವನ್ನು ಆ ರೇಡಿಯಸ್‌ನಿಂದ ಭಾಗಿಸಿದ್ದು) ಸುಮಾರು 100, ಆಯ್ಲರ್ ಭಾರ (ದೋಷವೇ ಇಲ್ಲದ ನೇರ ಕಂಬ ಬಾಗುವ ಲೆಕ್ಕದ ಭಾರ) ಸುಮಾರು 811 ಕಿಲೋನ್ಯೂಟನ್. ವೆಲ್ಡಿಂಗ್‌ನಿಂದ ಉಳಿದ ಒತ್ತಡ, ಮೊದಲೇ ಇರುವ ಸಣ್ಣ ಬಾಗು ಇವೆರಡೂ ಸೇರಿ ನಿಜವಾದ ಕಂಬ ಇದಕ್ಕಿಂತ ಎಷ್ಟೋ ಕೆಳಗೇ ಬಾಗಿ ಬೀಳಬೇಕು. ಒಂದಲ್ಲ, ಮೂರೂ ಕಂಬಗಳು ಆಯ್ಲರ್ ಭಾರವನ್ನೇ ಮೀರಿ ನಿಂತವೆಂದರೆ ನಂಬುವುದು ಹೇಗೆ?

ಉತ್ತರ ನಿಮ್ಮ ಫೋಟೋಗಳಲ್ಲೇ ಇದೆ. ಎಂಡ್ ಪ್ಲೇಟ್‌ಗಳು ಮೆಷಿನ್‌ನ ಚಪ್ಪಟೆ ಪ್ಲೇಟಿನ ಮೇಲೆ ನೇರವಾಗಿ ಕೂತಿವೆ, ನೈಫ್ ಎಡ್ಜ್ ಎಲ್ಲೂ ಕಾಣುವುದಿಲ್ಲ. ಬಾಗಿದ ಕಂಬದ ತುದಿಗಳು ನೆಟ್ಟಗೇ ಉಳಿದಿವೆ. ಹಿಂಜ್ ಇದ್ದಿದ್ದರೆ ಅಲ್ಲಿ ಓರೆ ಕಾಣಬೇಕಿತ್ತು. ಅಂದರೆ ನೀವು ಪರೀಕ್ಷಿಸಿದ್ದು ಬಹುತೇಕ ಬಿಗಿ ತುದಿಯ ಕಂಬವನ್ನು. ಅದರ ಪರಿಣಾಮಕಾರಿ ಉದ್ದ ಅರ್ಧದಷ್ಟಕ್ಕೆ ಇಳಿಯುತ್ತದೆ, ಭಾರ ಏರುತ್ತದೆ.

ಸ್ಟ್ರೇನ್ ಗೇಜ್‌ಗಳದ್ದು (ಲೋಹ ಎಷ್ಟು ಕುಗ್ಗಿತು, ಹಿಗ್ಗಿತು ಎಂದು ಅಳೆಯುವ ಪಟ್ಟಿಗಳು) ಇನ್ನೂ ವಿಚಿತ್ರ. ನಡು ಎತ್ತರದಲ್ಲಿ ಫ್ಲೇಂಜ್‌ನ ನಾಲ್ಕೂ ಅಂಚಿಗೆ ಒಂದೊಂದು ಕೇಳಿದ್ದೆವು. ನೀವು ಫ್ಲೇಂಜ್‌ಗಳ ಮಧ್ಯದಲ್ಲಿ ಎರಡು ಅಂಟಿಸಿದ್ದೀರಿ. ದುರ್ಬಲ ಅಕ್ಷದ ಬಾಗುವಿಕೆಗೆ ಆ ಜಾಗವೇ ತಟಸ್ಥ ಅಕ್ಷ, ಅಂದರೆ ಬಾಗಿದರೂ ಒತ್ತಡ ಬದಲಾಗದ ರೇಖೆ! ಅಲ್ಲಿ ಸರಾಸರಿ ಒತ್ತಡ ಬಿಟ್ಟರೆ ಏನೂ ಸಿಗದು, ಭಾರ ಪಕ್ಕಕ್ಕೆ ಸರಿದಿದ್ದರೂ ಗೊತ್ತಾಗದು. ಆರಂಭದ ಬಾಗನ್ನು ಅಳೆದೇ ಇಲ್ಲ. ಯೀಲ್ಡ್ ಸ್ಟ್ರೆಸ್‌ಗೂ (ಉಕ್ಕು ಶಾಶ್ವತವಾಗಿ ರೂಪ ಬದಲಿಸತೊಡಗುವ ಒತ್ತಡ) ಕೂಪನ್ (ಮಾದರಿ ತುಂಡು) ಎಳೆದು ನೋಡದೆ 250 ಮೆಗಾಪಾಸ್ಕಲ್ ಎಂದು ಹಾಕಿಬಿಟ್ಟಿದ್ದೀರಿ. ಕೂಪನ್‌ಗೆಂದೇ ಕಳಿಸಿದ್ದ ಪ್ಲೇಟ್ ತುಂಡುಗಳು ಹಾಗೇ ವಾಪಸ್ ಬಂದಿವೆ. ಹೋಲಿಕೆಗೆ ಉಕ್ಕಿನ ರಚನೆಗಳ ಭಾರತೀಯ ಮಾನಕ ಐಎಸ್ 800:2007ರ ‘ಎ’ ಕರ್ವ್ (ಕಂಬ ತಡೆಯುವ ಭಾರ ತೋರಿಸುವ ರೇಖೆ) ಬಳಸಿದ್ದೀರಿ. 40 ಮಿ.ಮೀ.ವರೆಗಿನ ಫ್ಲೇಂಜ್ ಇರುವ ವೆಲ್ಡೆಡ್ ಐ-ಸೆಕ್ಷನ್‌ಗೆ ದುರ್ಬಲ ಅಕ್ಷದಲ್ಲಿ ‘ಸಿ’ ಕರ್ವ್ ಬರುತ್ತದೆ, ಅಪೂರ್ಣತಾ ಗುಣಾಂಕ (ಬಾಗು, ಉಳಿಕೆ ಒತ್ತಡಗಳ ಪರಿಣಾಮದ ಅಂಕಿ) 0.21 ಅಲ್ಲ, 0.49. ಯೀಲ್ಡ್ 250 ಎಂದೇ ಹಿಡಿದರೂ, ಸುರಕ್ಷತಾ ಗುಣಾಂಕ ಸೇರಿಸದೆ, ಅದು ಕೊಡುವ ಭಾರ ಸುಮಾರು 483 ಕಿಲೋನ್ಯೂಟನ್. ನಿಮ್ಮ ಅಂಕಿಗಳನ್ನು ನಂಬಿ ವಿನ್ಯಾಸ ಮಾಡಿದರೆ ಗತಿಯೇನು?

ಒಮ್ಮೆ ಬಾಗಿದ ಕಂಬಗಳನ್ನು ನೆಟ್ಟಗೆ ಮಾಡಿ ಮತ್ತೆ ಪರೀಕ್ಷಿಸುವಂತಿಲ್ಲ, ಉಳಿಕೆ ಒತ್ತಡವೇ ಬದಲಾಗಿರುತ್ತದೆ. ಆದ್ದರಿಂದ ಹೊಸ ಮೂರು ಕಂಬಗಳ ತಯಾರಿಕೆ, ಸಾಗಣೆ ಮತ್ತು ಪರೀಕ್ಷೆಯ ಖರ್ಚು ನಿಮ್ಮದೇ. ಭಾರ ಹಾಕುವ ಮುನ್ನ ದಾರ ಕಟ್ಟಿ ಎರಡೂ ದಿಕ್ಕಿನ ಬಾಗು ಅಳೆಯಿರಿ. ಸುಮಾರು 70 ಕಿಲೋನ್ಯೂಟನ್‌ನಲ್ಲಿ ನಾಲ್ಕು ಗೇಜ್‌ಗಳನ್ನು ಹೋಲಿಸಿ, ಸರಾಸರಿಯಿಂದ ಶೇ. 5ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಭಾರ ಇಳಿಸಿ ಕಂಬವನ್ನು ಸರಿಸಿ ಕೂರಿಸಿ. ಗರಿಷ್ಠ ಭಾರದ ಹತ್ತಿರ ಮೆಷಿನ್ ಕೆಲವು ನಿಮಿಷ ನಿಲ್ಲಿಸಿ ಸ್ಥಿರ ಭಾರ ಬರೆದುಕೊಳ್ಳಿ. ಪರೀಕ್ಷೆಯ ದಿನ ನಮ್ಮ ಎಂಜಿನಿಯರ್ ಹಾಜರಿರುತ್ತಾರೆ.

ಹಳೆಯ ವರದಿ ರದ್ದಾಗಿದೆ ಎಂಬ ಪತ್ರ 7 ದಿನಗಳೊಳಗೆ ಬರಲಿ. ಅಲ್ಲಿಯವರೆಗೆ ಬಾಕಿ ಬಿಲ್ ಪಾವತಿಸುವುದಿಲ್ಲ.

ಇಂತಿ,
ವಿನ್ಯಾಸ ವಿಭಾಗದ ಪರವಾಗಿ