ಯುಕೆಯಲ್ಲಿ ಸ್ವಂತ ಕೆಲಸ ಮಾಡುವವರಿಗೆ: ಯುಟಿಆರ್ (ತೆರಿಗೆದಾರರ ಗುರುತಿನ ಸಂಖ್ಯೆ) ಎಲ್ಲಿ ಸಿಗುತ್ತೆ?

ಎಲ್ಲರಿಗೂ ನಮಸ್ಕಾರ. ಮನೆ ಸಾಲದ ಅರ್ಜಿಯಲ್ಲಿ "ಟ್ಯಾಕ್ಸ್ ರೆಫರೆನ್ಸ್" ಅಂತ ಕೇಳಿದಾಗ ಏನು ತುಂಬಬೇಕು ಅನ್ನೋ ಪ್ರಶ್ನೆ ಗುಂಪಿನಲ್ಲಿ ಪದೇ ಪದೇ ಬರ್ತಿದೆ. ಅದಕ್ಕೇ ಈ ಸೂಚನೆ.

ಸಂಬಳದವರಿಗೆ ತೆರಿಗೆ ವರ್ಷದ ಕೊನೆಗೆ ಕಂಪನಿ ಕೊಡುವ ಪಿ60 ಪತ್ರದಲ್ಲಿ ಮೂರು ಅಂಕಿ, ಓರೆಗೆರೆ, ಮುಂದೆ ಅಕ್ಷರ-ಅಂಕಿ ಸೇರಿದ ಒಂದು ಸಂಖ್ಯೆ ಇರುತ್ತೆ. ಅದು ಅವರ ಕಂಪನಿಯದು. ಸ್ವಂತ ಕೆಲಸದವರು ಕೊಡಬೇಕಾದ್ದು 10 ಅಂಕಿಯ ಯುಟಿಆರ್. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಬೇರೆ, ಬೆರೆಸಬೇಡಿ.

ಹುಡುಕಲು ಸುಲಭ ದಾರಿ ಯುಕೆ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿ ಆ್ಯಪ್, ಇಲ್ಲವೇ ನಿಮ್ಮ ಆನ್‌ಲೈನ್ ತೆರಿಗೆ ಖಾತೆ. ಹಳೇ ರಿಟರ್ನ್, ರಿಟರ್ನ್ ಸಲ್ಲಿಸಿ ಅಂತ ಬಂದ ಪತ್ರ, ಪಾವತಿಯ ನೆನಪೋಲೆ, ಇವುಗಳಲ್ಲೂ ಇರುತ್ತೆ. ಜನವರಿ 31ಕ್ಕೆ ತೆರಿಗೆ ಕಟ್ಟಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ: ಪಾವತಿ ರೆಫರೆನ್ಸ್ ಅಂದರೆ ಯುಟಿಆರ್, ಕೊನೆಗೊಂದು 'ಕೆ' ಅಕ್ಷರ. ಆ 'ಕೆ' ಬಿಟ್ಟು ಉಳಿದದ್ದು ಬರೆದುಕೊಳ್ಳಿ.

ಲಿಮಿಟೆಡ್ ಕಂಪನಿ ಇಟ್ಟುಕೊಂಡಿರುವ ಐಟಿ ಕಾಂಟ್ರ್ಯಾಕ್ಟರ್‌ಗಳೇ, ಕಂಪನಿಗೊಂದು ಯುಟಿಆರ್, ನಿಮ್ಮ ಸ್ವಂತ ರಿಟರ್ನ್‌ಗೆ ಇನ್ನೊಂದು. ಅರ್ಜಿ ಯಾವುದನ್ನು ಕೇಳ್ತಿದೆ ನೋಡಿಕೊಳ್ಳಿ. ಎಡವಟ್ಟಾಗೋದು ಹೆಚ್ಚಾಗಿ ಇಲ್ಲೇ.

ಈಗಷ್ಟೇ ಕೆಲಸ ಶುರು ಮಾಡಿದವರು, ತಾವೇ ರಿಟರ್ನ್ ಸಲ್ಲಿಸುವ ಪದ್ಧತಿಯಾದ ಸೆಲ್ಫ್ ಅಸೆಸ್‌ಮೆಂಟ್‌ಗೆ ನೋಂದಾಯಿಸಿದ ಮೇಲೆಯೇ ಯುಟಿಆರ್ ಬರೋದು. ತೆರಿಗೆ ವರ್ಷ ಏಪ್ರಿಲ್ 5ಕ್ಕೆ ಮುಗಿಯುತ್ತೆ, ನೋಂದಣಿಗೆ ಗಡುವು ಅದರ ನಂತರದ ಅಕ್ಟೋಬರ್ 5. ಸಾಲ ಬೇಕಿರುವವರು ಅಲ್ಲಿವರೆಗೆ ಕಾಯಬೇಡಿ.

ಮತ್ತೆ, ದಯವಿಟ್ಟು ಪತ್ರದ ಫೋಟೋ ತೆಗೆದು "ಇದೇನಾ?" ಅಂತ ಇಲ್ಲಿ ಹಾಕಬೇಡಿ. ಹಾಕಿದರೆ ಅಡ್ಮಿನ್‌ಗಳು ಅಳಿಸ್ತೀವಿ.